ಮೂರನೆಯ ಮಿಸ್ಡ್ ಕಾಲ್

ಗೊಬ್ಬರದ ಚೀಲಗಳ ಮಧ್ಯೆ ಸರ್ವರ್ ಇಡಬಾರದು ಎಂದು ನಾನು ಸಾವಿರ ಸಲ ಹೇಳಿದ್ದೆ. ಯಾರು ಕೇಳುತ್ತಾರೆ? ಚಿಗಳ್ಳಿಯ ನಮ್ಮ ರೈತರ ಸಂಘಕ್ಕೆ ಇದ್ದುದೇ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಕುರ್ಚಿ, ದೇವರ ಫೋಟೊ. ಹಿಂದಿನದರಲ್ಲಿ ಯೂರಿಯಾ, ಬೀಜದ ಚೀಲ, ಔಷಧ ಹೊಡೆಯುವ ಪಂಪು, ಮತ್ತು ಕಿಟಕಿಯ ಕೆಳಗೆ ಒಂದು ಹಲಗೆಯ ಮೇಲೆ ಆ ಕಂಪ್ಯೂಟರ್. ಸರ್ವರ್ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಯಾರೋ ಬೇಡವೆಂದು ತೆಗೆದಿಟ್ಟಿದ್ದ ಹಳೆಯ ಪೆಟ್ಟಿಗೆ. ಅದಕ್ಕೆ ಲಿನಕ್ಸ್ ಹಾಕಿ, ಪಕ್ಕದಲ್ಲಿ ಸಿಮ್ ಕಾರ್ಡ್ ತೂರಿಸಿದ ಒಂದು ಪುಟ್ಟ ಡಬ್ಬಿ ಜೋಡಿಸಿದ್ದರು. ಅದರ ಕೆಲಸ ಒಂದೇ: ಕಾಡಿನಿಂದ ಆನೆ ಇಳಿದರೆ ಊರವರಿಗೆಲ್ಲ ಫೋನ್ ಮಾಡುವುದು.

ಭತ್ತ ಹಾಲುಗಟ್ಟಿ, ಗೋವಿನಜೋಳದ ತೆನೆ ಬಲಿಯುವ ಹೊತ್ತಿಗೆ ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ನಮ್ಮ ಕಡೆ ಬರುತ್ತವೆ. ಅಲ್ಲಿ ಕುಳಗಿಯ ರಸ್ತೆಯಲ್ಲಿ ಆನೆ ಕಂಡರೆ ಪ್ರವಾಸಕ್ಕೆ ಬಂದ ಜನ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ನಮ್ಮ ಊರಲ್ಲಿ ಅದೇ ಆನೆ ಬಂದರೆ ಹೊಲದ ಅಟ್ಟಣಿಗೆಯ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಕಾಡಂಚಿನಲ್ಲಿ ಊರಿನ ನಾಲ್ಕು ಮಂದಿ ಸರದಿಯ ಮೇಲೆ ಕಾಯುತ್ತಿದ್ದರು. ಅವರು ಆನೆ ಕಂಡ ಕೂಡಲೇ ಸಂಘದ ಗುಮಾಸ್ತೆಗೆ ಹೇಳುತ್ತಿದ್ದರು. ಆಕೆ ತನ್ನ ಮೊಬೈಲಿನಲ್ಲಿ ಒಂದು ಪುಟ ತೆರೆದು, ಅಲ್ಲಿದ್ದ ಒಂದೇ ಒಂದು ಗುಂಡಿ ಒತ್ತುತ್ತಿದ್ದಳು. ಗೊಬ್ಬರದ ಕೋಣೆಯ ಪೆಟ್ಟಿಗೆ ಚಿಗಳ್ಳಿ, ಸನವಳ್ಳಿಯ ಹೊಲಗಳಲ್ಲಿದ್ದವರಿಗೆಲ್ಲ ಕರೆ ಮಾಡುತ್ತಿತ್ತು. ಎತ್ತಿದರೆ ಆ ಗುಮಾಸ್ತೆಯದೇ ಧ್ವನಿ: "ಆನಿ ಬಂದಾವು. ಕೆಳಗ ಇಳೀಬ್ಯಾಡ್ರಿ."

ಆ ಧ್ವನಿಯನ್ನು ಮುದ್ರಿಸಿದವನು ನಾನು. ಆಕೆ ಸಿದ್ದಿ ಸಮುದಾಯದ ಹೆಣ್ಣುಮಗಳು. ಗದ್ದೆಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಎತ್ತು ತಿರುಗಿ ನೋಡಬೇಕು, ಅಂಥ ಗಂಟಲು. ನನಗೆ ಆ ಮುದ್ರಣದ ಬಗ್ಗೆ ಇಲ್ಲದ ಹೆಮ್ಮೆ ಇತ್ತು. ದಾಂಡೇಲಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಅದನ್ನು ಕೇಳಿಸುತ್ತಿದ್ದೆ.

ನನ್ನ ಅಕ್ಕನ ಹೊಲ ಕಾಡಿಗೆ ಅಂಟಿಕೊಂಡೇ ಇದೆ. ಭಾವನಿಗೆ ಮೊಣಕಾಲು ನೋವು, ಏಣಿ ಹತ್ತಲಾಗದು. ಆದ್ದರಿಂದ ಸಂಜೆಯಾದರೆ ಅಟ್ಟಣಿಗೆ ಹತ್ತುವವಳು ಅಕ್ಕನೇ. ಒಂದು ತಗಡಿನ ಡಬ್ಬ, ಒಂದು ಕೋಲು, ಎಲೆ ಅಡಿಕೆಯ ಸಂಚಿ, ಅದರೊಳಗೆ ಗುಂಡಿಗಳ ಹಳೆಯ ಮೊಬೈಲು. ಮೇಲಿದ್ದಷ್ಟು ಹೊತ್ತು ಅವಳಿಗೆ ಭಯವಿಲ್ಲ. ಅಪಾಯ ಇದ್ದುದು ಇಳಿಯುವಾಗ. ಆಳೆತ್ತರ ಬೆಳೆದ ಜೋಳದ ನಡುವಿನ ದಾರಿಯಲ್ಲಿ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಇಳಿಯಬೇಕೋ ಬೇಡವೋ ಎಂಬುದನ್ನು ಅವಳು ಆ ಫೋನಿನಿಂದಲೇ ತಿಳಿಯುತ್ತಿದ್ದಳು. ಹೀಗಾಗಿ ಆ ಪೆಟ್ಟಿಗೆಯ ಮೇಲೆ ನನಗೆ ಮಮತೆಯೂ ಇತ್ತು, ದಿಗಿಲೂ ಇತ್ತು.

ಅದನ್ನು ಮೊದಲು ಕಟ್ಟಿದವರು ಊರ ಹೈಸ್ಕೂಲಿನ ಗಣಿತದ ಮೇಷ್ಟ್ರು, ದೂರದ ಜಿಲ್ಲೆಯವರು. ಅವರಿಗೆ ವರ್ಗವಾಯಿತು. ಹೋಗುವಾಗ ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ನೀವು ಇದೇ ಊರವರು, ನೋಡಿಕೊಳ್ಳಿ" ಎಂದರು. ನಾನು ತಿಂಗಳಿಗೊಮ್ಮೆ ಹಳಿಯಾಳ ದಾಟಿ, ಕಲಘಟಗಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗುತ್ತಿದ್ದೆ. ಧೂಳು ಊದುತ್ತಿದ್ದೆ, ಗೊಬ್ಬರದ ಚೀಲ ಸರಿಸುತ್ತಿದ್ದೆ, ಎಲ್ಲರಿಗೂ ಬೈದು ಬರುತ್ತಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮುಚ್ಚಿಡುವುದಕ್ಕೆ ಈ ವಯಸ್ಸಿನಲ್ಲಿ ಹೋಗುವುದಿಲ್ಲ.

ಆ ವರ್ಷ ಪೆಟ್ಟಿಗೆಯಲ್ಲಿದ್ದ ಹಳೆಯ ಲಿನಕ್ಸಿಗೆ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿತು. ಹೊಸ ಆವೃತ್ತಿಗೆ ಹೋಗಲೇಬೇಕು. ಮಳೆಗಾಲ ಮುಗಿಯುತ್ತಾ ಬಂದಿತ್ತು, ಆನೆಗಳ ಕಾಲಕ್ಕೆ ಇನ್ನೂ ಸಮಯವಿತ್ತು. ಒಂದು ಭಾನುವಾರ ಬೆಳಿಗ್ಗೆ ಹೋಗಿ ಕೂತೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಲಿನಕ್ಸ್ ಯಂತ್ರ ತನಗೆ ಬೇಕಾದ ಪ್ರೋಗ್ರಾಮುಗಳನ್ನು ಉಗ್ರಾಣದಿಂದ ತರಿಸಿಕೊಳ್ಳುತ್ತದೆ. ರೆಪಾಸಿಟರಿ ಎಂದು ಅದರ ಹೆಸರು, ನಾನು ಉಗ್ರಾಣ ಎನ್ನುತ್ತೇನೆ. ಲಿನಕ್ಸಿನ ಜೊತೆಗೇ ಬರುವ ಉಗ್ರಾಣ ಮನೆಯದು. ಅಲ್ಲಿನ ಸಾಮಾನೆಲ್ಲ ಒಂದಕ್ಕೊಂದು ಹೊಂದುವಂತೆ ಅದನ್ನು ನಡೆಸುವವರೇ ನೋಡಿಕೊಳ್ಳುತ್ತಾರೆ. ಅಲ್ಲಿ ಸಿಗದ್ದು ಬೇಕಾದರೆ ಹೊರಗಿನವರ ಉಗ್ರಾಣದ ವಿಳಾಸವನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು. ಸೇರಿಸುವುದು ಒಂದು ಸಾಲಿನ ಕೆಲಸ. ಕಷ್ಟ ಗೊತ್ತಾಗುವುದು ದೊಡ್ಡ ಅಪ್‌ಗ್ರೇಡಿನ ದಿನ. ಮನೆಯ ಸಾಮಾನೆಲ್ಲ ಹೊಸ ಆವೃತ್ತಿಗೆ ಹೊರಟಿರುತ್ತದೆ, ಹೊರಗಿನದು ಹಳೆಯದನ್ನೇ ಹಿಡಿದುಕೊಂಡು ಕೂತಿರುತ್ತದೆ. ನಡುವೆ ಯಂತ್ರ ಅರ್ಧ ಅಲ್ಲಿ ಅರ್ಧ ಇಲ್ಲಿ ಎಂದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಹೊರಗಿನ ಉಗ್ರಾಣಗಳನ್ನೆಲ್ಲ ಮುಚ್ಚಬೇಕು, ಅಪ್‌ಗ್ರೇಡ್ ಮುಗಿಸಬೇಕು, ಆಮೇಲೆ ಒಂದೊಂದನ್ನೇ ನೋಡಿ ತೆರೆಯಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವಸರದವರು ಇದನ್ನು ಮರೆತು ಕೆಡಿಸಿಕೊಂಡ ಯಂತ್ರಗಳನ್ನು ನನ್ನ ಅಂಗಡಿಯಲ್ಲಿ ಸಾಕಷ್ಟು ನೋಡಿದ್ದೇನೆ, ತಂದವರಿಗೆ ಸಾಕಷ್ಟು ಉಪದೇಶವನ್ನೂ ಮಾಡಿದ್ದೇನೆ.

ಮೇಷ್ಟ್ರು ಹೊರಗಿನ ಮೂರು ಉಗ್ರಾಣಗಳನ್ನು ಸೇರಿಸಿದ್ದರು. ಒಂದು ಕನ್ನಡ ಅಕ್ಷರಗಳದ್ದು. ಅದೀಗ ಮನೆಯ ಉಗ್ರಾಣದಲ್ಲೇ ಸಿಗುತ್ತಿತ್ತು, ಕಿತ್ತುಹಾಕಿದೆ. ಎರಡನೆಯದು ಸಿಮ್ ಡಬ್ಬಿಯನ್ನು ನಡೆಸುವ ಪ್ರೋಗ್ರಾಮಿನದು. ಅದರವರು ಹೊಸ ಲಿನಕ್ಸಿಗೆ ತಕ್ಕದ್ದನ್ನು ಮಾಡಿಟ್ಟಿದ್ದರು, ವಿಳಾಸ ತಿದ್ದಿ ಮತ್ತೆ ತೆರೆದೆ. ಮೂರನೆಯದು ಮುಖ್ಯವಾದದ್ದು, ಕರೆ ಮಾಡುವ ಪ್ರೋಗ್ರಾಮಿನದು. ಯಾವುದೋ ದೇಶದಲ್ಲಿ ಯಾರೋ ಒಬ್ಬನೇ ಕೂತು ನಡೆಸುತ್ತಿದ್ದ ಉಗ್ರಾಣ. ಅವನು ಹೊಸ ಲಿನಕ್ಸಿಗೆ ಇನ್ನೂ ಏನೂ ಮಾಡಿರಲಿಲ್ಲ. ಆದರೆ ಮನೆಯ ಉಗ್ರಾಣದಲ್ಲೂ ಅದೇ ಪ್ರೋಗ್ರಾಮು ಇತ್ತು, ಇನ್ನೂ ಹೊಸದು. ಹೊರಗಿನವನ ಹಂಗು ಯಾಕೆ ಎಂದು ಅದನ್ನೇ ಹಾಕಿದೆ.

ಹಾಕುವಾಗ ಯಂತ್ರ ಒಂದು ಪ್ರಶ್ನೆ ಕೇಳಿತು. ಹಳೆಯ ಸೆಟ್ಟಿಂಗ್ ಫೈಲನ್ನೇ ಇಟ್ಟುಕೊಳ್ಳಲೋ, ಹೊಸ ಪ್ರೋಗ್ರಾಮಿನ ಜೊತೆ ಬಂದದ್ದನ್ನು ಹಾಕಲೋ? ಹೊಸದನ್ನು ಹಾಕು ಎಂದೆ. ಹಳೆಯ ಫೈಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬೇಕಾದ್ದನ್ನೆಲ್ಲ ಒಂದೊಂದಾಗಿ ಹೊಸದಕ್ಕೆ ತಂದೆ: ಊರವರ ನಂಬರುಗಳು, ಗುಮಾಸ್ತೆಯ ಧ್ವನಿ. ಹಳೆಯದರಲ್ಲಿ, ಎತ್ತದಿದ್ದರೆ ಮತ್ತೆ ಎಷ್ಟು ಸಲ ಕರೆ ಮಾಡಬೇಕು ಎಂಬಲ್ಲಿ ಸೊನ್ನೆ ಇತ್ತು. ಪಕ್ಕದಲ್ಲಿ ಮೇಷ್ಟ್ರು "ಒಂದೇ ಸಲ" ಎಂದು ಬರೆದಿದ್ದರು. ಯಾಕೆ ಎಂದು ಬರೆದಿರಲಿಲ್ಲ. ಹೊಸದರಲ್ಲಿ ಎರಡು ಇತ್ತು. ಅಂದರೆ ಎತ್ತದವರಿಗೆ ನಿಮಿಷಕ್ಕೊಂದರಂತೆ ಇನ್ನೆರಡು ಸಲ ಕರೆ ಹೋಗುತ್ತದೆ.

ನನಗೆ ಖುಷಿಯಾಯಿತು. ನಿಜವಾಗಿಯೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಅಕ್ಕ ಮೊದಲ ಸಲ ಎತ್ತದಿದ್ದರೆ ಎರಡನೆಯ ಸಲ ಎತ್ತುತ್ತಾಳೆ, ಅದೂ ತಪ್ಪಿದರೆ ಮೂರನೆಯದು ಇದ್ದೇ ಇದೆ. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ, ಗಣಿತದ ಮೇಷ್ಟ್ರಂತೆ ಎಂದು ಒಬ್ಬನೇ ಗೊಣಗಿಕೊಂಡೆ. ಎರಡನ್ನು ಎರಡಾಗಿಯೇ ಬಿಟ್ಟೆ.

ಅವತ್ತು ಗುಮಾಸ್ತೆ ಇರಲಿಲ್ಲ, ಹಳಿಯಾಳದ ಕಡೆ ಸಂಬಂಧಿಕರ ಮದುವೆಗೆ ಹೋಗಿದ್ದಳು. ಅಕ್ಕನನ್ನೂ ಇನ್ನು ನಾಲ್ಕು ಮಂದಿಯನ್ನೂ ಸಂಘಕ್ಕೆ ಕರೆಸಿದೆ. "ಈಗ ಫೋನ್ ಬರ್ತೈತಿ, ಎಲ್ಲಾರೂ ಎತ್ತಿ ಕೇಳ್ರಿ" ಎಂದೆ. ಗುಂಡಿ ಒತ್ತಿದೆ. ಐದು ಫೋನೂ ಬಡಿದುಕೊಂಡವು. ಐವರೂ ವಿಧೇಯ ಮಕ್ಕಳಂತೆ ಎತ್ತಿ ಕಿವಿಗಿಟ್ಟುಕೊಂಡರು.

"ಛಲೋ ಕೇಳ್ತೈತಿ ತಮ್ಮಾ," ಎಂದಳು ಅಕ್ಕ. "ಬಾಜೂಕ ನಿಂತು ಒದರಿದಂಗ ಐತಿ."

"ಮತ್ತ? ಯಾರು ಮಾಡಿದ್ದು ಅನ್ಕೊಂಡಿ?" ಎಂದೆ ನಾನು.

ಅವಳು ನಕ್ಕಳು. ಎಲ್ಲರೂ ಎತ್ತಿದ್ದರಿಂದ ಎರಡನೆಯ ಕರೆ ಯಾರಿಗೂ ಹೋಗಲಿಲ್ಲ. ಅಕ್ಕನ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಗಡದ್ದಾಗಿ ಹೊಡೆದು ಸಂಜೆಯ ಬಸ್ಸು ಹಿಡಿದೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಭಾವನ ಫೋನ್ ಬಂತು. ಅಂಗಡಿ ಮುಚ್ಚುವ ಹೊತ್ತು. ಭಾವ ಫೋನಿನಲ್ಲಿ ಮಾತಾಡುವುದೇ ಅಪರೂಪ.

"ನಿಮ್ಮಕ್ಕ ಕಾಲುವಿಯಾಗ ಬಿದ್ದಾಳ. ಆನಿ ಬಂದಿದ್ವು. ಜೀವಕ್ಕೇನಿಲ್ಲ. ಮುಂಡಗೋಡ ದವಾಖಾನಿಗೆ ಕರ್ಕೊಂಡು ಹೊಂಟೇವಿ, ಬಾ."

ಪರಿಚಯದವರ ಜೀಪು ಹಿಡಿದು ಹೊರಟೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು: ಯಂತ್ರ ಕರೆ ಮಾಡಲಿಲ್ಲವೇ? ಸಿಮ್ ಡಬ್ಬಿ ಕೈಕೊಟ್ಟಿತೇ? ಹೊರಗಿನ ಆ ಎರಡನೆಯ ಉಗ್ರಾಣವನ್ನು ಮತ್ತೆ ತೆರೆಯಬಾರದಿತ್ತೇ? ನನ್ನ ಅನುಮಾನವೆಲ್ಲ ಹೊರಗಿನವರ ಮೇಲೆಯೇ ಇತ್ತು.

ಅಕ್ಕನ ಬಲ ಮುಂಗೈ ಮುರಿದಿತ್ತು. ಕೂದಲಲ್ಲಿ ಇನ್ನೂ ಕೆಸರಿತ್ತು. ನನ್ನನ್ನು ನೋಡಿದ ಕೂಡಲೇ, "ಊಟ ಮಾಡಿ ಬಂದೀಯೋ ಇಲ್ಲೋ?" ಎಂದಳು. ನನಗೆ ಅಳು ಬಂತು. ಅವಳೆದುರು ಅತ್ತು ಎಷ್ಟೋ ವರ್ಷವಾಗಿತ್ತು.

"ಫೋನ್ ಬರ್ಲಿಲ್ಲೇನು ಅಕ್ಕಾ?" ಎಂದು ಕೇಳಿದೆ.

"ಬಂತಲ್ಲೋ. ಬಂತು ಅಂತನ ಇಳದೆ."

ನನಗೆ ತಲೆಬುಡ ತಿಳಿಯಲಿಲ್ಲ. ಬಂದರೆ ಇಳಿಯಬಾರದು ಎಂದು ಅದರಲ್ಲೇ ಹೇಳುತ್ತದಲ್ಲ? ಎತ್ತಲಿಲ್ಲವೇ ಎಂದೆ.

"ಯಾರು ಎತ್ತತಾರು?" ಎಂದಳು. "ಎತ್ತಿದ್ರ ಆಕೀ ಧ್ವನಿ ಹೊಲ ತುಂಬ ಒದರತೈತಿ. ಆನಿಗೆ ಕಿವಿ ಇಲ್ಲೇನು? ಫೋನಿನ ಸದ್ದ ಬಂದ್ ಮಾಡಿ ನಡುಗೂದಷ್ಟ ಇಟ್ಟಿರತೇವಿ, ನಂಬರ್ ನೋಡಿ ಸುಮ್ಮ ಕುಂದ್ರತೇವಿ. ಒಂದ ಸಲ ಬಂದ್ರ ಆನಿ ಬಂದಾವು ಅಂತ. ಮೂರು ಸಲ ಬಂದ್ರ ಹೋದ್ವು ಅಂತ. ಮೂರು ಬಂತು. ಮೊದಲಿನ ಒಂದು ಸಿಗ್ನಲ್ ಇಲ್ದಾಗ ಬಂದು ಹೋಗಿರಬೇಕು ಅಂದ್ಕೊಂಡೆ. ಇಳದು ಮನೀಗೆ ಹೊಂಟೆ. ಬದುವಿನ ಮ್ಯಾಲ ನಿಂತಿತ್ತು ನೋಡಪಾ, ಮನಿಯಷ್ಟು. ಹಿಂದ ಇನ್ನೆರಡು. ಕಾಲುವಿಯಾಗ ಹಾರಿದೆ. ಕೈ ಮುರದದ್ದು ಗೊತ್ತ ಆಗ್ಲಿಲ್ಲ. ಕುತಿಗೀತನಕ ನೀರಾಗ ಮಕ್ಕೊಂಡಿದ್ದೆ. ಅವು ನನ್ನ ಜ್ವಾಳ ತಿನ್ನೂದು ಕೇಳಸ್ತಿತ್ತು, ಕಟಕಟ ಅಂತ."

ಒಂದು ಸಲ ಬಂದರೆ ಬಂದವು, ಮೂರು ಸಲ ಬಂದರೆ ಹೋದವು. ಇದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು, ನನ್ನನ್ನು ಬಿಟ್ಟು. ಪುಟದಲ್ಲಿ ಇದ್ದುದು ಒಂದೇ ಗುಂಡಿ. ಆನೆ ಮರಳಿದವು ಎಂದು ಕಾಡಂಚಿನವರು ಹೇಳಿದಾಗ ತಿಳಿಸಲು ಗುಮಾಸ್ತೆಗೆ ಬೇರೆ ದಾರಿಯಿರಲಿಲ್ಲ. ಅದನ್ನೇ ಮೂರು ಸಲ ಒತ್ತಿದ್ದಳು. ಜನ ಅರ್ಥ ಮಾಡಿಕೊಂಡಿದ್ದರು. ಯಾರೂ ಕೂತು ಮಾಡಿದ ನಿಯಮವಲ್ಲ ಅದು, ಎರಡು ಸುಗ್ಗಿಗಳಲ್ಲಿ ತಾನೇ ರೂಢಿಯಾದದ್ದು. ನಾನು ಹೆಮ್ಮೆಯಿಂದ ಮುದ್ರಿಸಿದ ಧ್ವನಿಯನ್ನು ಹೊಲದಲ್ಲಿ ಒಬ್ಬರೂ ಒಂದು ದಿನವೂ ಕೇಳಿರಲಿಲ್ಲ. ಅವತ್ತು ಸಂಘದಲ್ಲಿ ಎತ್ತಿ ಕೇಳಿದ್ದು ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು.

ಮರುದಿನ ಬೆಳಿಗ್ಗೆ ಊರಿಗೆ ಹೋದರೆ ಸಂಘದ ಮುಂದೆ ಜನ ಸೇರಿತ್ತು. ನಡುವೆ ಗುಮಾಸ್ತೆ ನಿಂತಿದ್ದಳು. ಮುಖ ಬಾಡಿತ್ತು.

"ಆನಿ ಬಂದಾಗ ಮೂರು ಸಲ ಒತ್ತಿದ್ರ ಹೆಂಗವಾ?" ಎಂದು ಹಿರಿಯರೊಬ್ಬರು ಕೇಳುತ್ತಿದ್ದರು. "ಆ ಹೆಣ್ಣುಮಗಳ ಜೀವ ಹೋಗಿದ್ರ?"

"ನಾ ಒಂದ ಸಲ ಒತ್ತೀನ್ರಿ ಕಾಕಾ."

"ಗಾಬರ್ಯಾಗ ಕೈ ತಪ್ಪಿರಬೇಕು. ಹೋಗ್ಲಿ ಬಿಡು. ಈ ಕೆಲಸ ಬ್ಯಾರೆದವರಿಗೆ ಕೊಡೂಣು."

ಆಕೆ ನನ್ನ ಕಡೆ ತಿರುಗಿದಳು. "ಅಣ್ಣಾರ, ನೀವರ ಹೇಳ್ರಿ. ಆ ಡಬ್ಬಿಯೊಳಗ ಎಲ್ಲಾ ಬರದಿರತೈತಿ ಅಂತೀರಲ್ಲ. ನೋಡಿ ಹೇಳ್ರಿ. ನನ್ನ ಮಗನ ಆಣಿ, ಒಂದ ಸಲ ಒತ್ತೀನಿ."

ನಾನು ಒಳಗೆ ಹೋದೆ. ಗೊಬ್ಬರದ ಚೀಲದ ಮೇಲೆ ಕೂತು ಹಿಂದಿನ ಸಂಜೆಯ ದಾಖಲೆ ತೆರೆದೆ. ಗುಂಡಿ ಒತ್ತಿದ್ದು ಒಂದು ಸಲ, ಆ ಸುಗ್ಗಿಯಲ್ಲಿ ಅದೇ ಮೊದಲು. ಅಕ್ಕನ ನಂಬರಿಗೆ ಕರೆ, ಎತ್ತಲಿಲ್ಲ. ನಿಮಿಷದ ನಂತರ ಕರೆ, ಎತ್ತಲಿಲ್ಲ. ಮತ್ತೊಂದು ನಿಮಿಷಕ್ಕೆ ಕರೆ, ಎತ್ತಲಿಲ್ಲ. ಊರಿನ ಎಲ್ಲ ನಂಬರಿಗೂ ಹೀಗೆಯೇ, ಸಾಲುಸಾಲಾಗಿ. ಉಳಿದವರ ಹೊಲಗಳು ಊರ ಕಡೆಗಿದ್ದವು, ಹಾಗಾಗಿ ಅವರು ಸುಮ್ಮನೆ ಇಳಿದು ಮನೆ ಸೇರಿದ್ದರು. ಕಾಡಿನ ಬಾಯಲ್ಲಿದ್ದವಳು ಅಕ್ಕ ಒಬ್ಬಳೇ.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಈ ದಾಖಲೆಯನ್ನು ಓದಲು ಬರುವವನು ಊರಿನಲ್ಲಿ ನಾನೊಬ್ಬನೇ. ಹೊಸ ಫೈಲಿನಲ್ಲಿ ಎರಡನ್ನು ಅಳಿಸಿ ಸೊನ್ನೆ ಮಾಡುವುದಕ್ಕೆ ಎರಡು ಕ್ಷಣ ಸಾಕು. ಹೊರಗೆ ಹೋಗಿ, "ಡಬ್ಬಿ ಕೆಟ್ಟಿತ್ತು, ಆಕೀದು ತಪ್ಪಿಲ್ಲ" ಎಂದರೆ ಎಲ್ಲರೂ ಒಪ್ಪುತ್ತಾರೆ. ಯಂತ್ರಕ್ಕೆ ಬೈಸಿಕೊಳ್ಳುವ ನಾಚಿಕೆಯಿಲ್ಲ. ಹೊರಗಿನ ಉಗ್ರಾಣದ ಆ ಕಾಣದ ಮನುಷ್ಯನ ಮೇಲೂ ಹಾಕಬಹುದಿತ್ತು. ಅವನೇನು ಬಂದು ಕೇಳುತ್ತಾನೆಯೇ? ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಗುಮಾಸ್ತೆ ಬಾಗಿಲಲ್ಲಿ ಬಂದು ನಿಂತಳು. ಆ ನಿಲುವು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಹೊರಗೆ ಬಂದೆ. "ಆಕೀ ಒಂದ ಸಲ ಒತ್ಯಾಳ," ಎಂದೆ. "ಮೂರು ಸಲ ಫೋನ್ ಹೋಗೂವಂಗ ಮಾಡಿದಾಂವ ನಾನು. ಮಳಿಗಾಲದಾಗ ಹೊಸಾದು ಹಾಕಿದಾಗ. ಮೂರು ಸಲ ಹೋದ್ರ ಛಲೋ ಅಂತ ಬಿಟ್ಟೆ. ಮೇಷ್ಟ್ರು ಒಂದೇ ಸಲ ಅಂತ ಬರದಿಟ್ಟಿದ್ರು. ಓದೀನಿ. ಓದಿ ತಗದ ಒಗದೆ."

ಆ ಹಿರಿಯರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. "ಬ್ಯಾರೆದವರು ಮಾಡಿದ್ರ ಹಾಕ್ಕೊಂಡು ಬಡೀತಿದ್ವಿ," ಎಂದರು ಕೊನೆಗೆ. ಎರಡು ಏಟು ಬಿದ್ದಿದ್ದರೆ ನನಗೂ ಹಗುರವಾಗುತ್ತಿತ್ತೇನೋ. ಗುಮಾಸ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಕೂತಳು. ನಾನು ಕೈಮುಗಿದಾಗ, "ಚಾ ಕುಡೀತೀರೇನ್ರಿ ಅಣ್ಣಾರ?" ಎಂದಷ್ಟೇ ಕೇಳಿದಳು.

ಮೇಷ್ಟ್ರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಹಳೆಯ ಸಿಟ್ಟು ಎದ್ದು ಬಂತು.

"ಒಂದೇ ಸಲ ಅಂತ ಬರದ್ರಿ, ಯಾಕ ಅಂತ ಬರೀಬಾರದಿತ್ತೇನ್ರಿ?"

"ಬರೆಯಬೇಕಿತ್ತು," ಎಂದರು. "ಮಧ್ಯೆ ಒಮ್ಮೆ ನಾನೂ ಮೂರು ಸಲಕ್ಕೆ ಏರಿಸಿದ್ದೆ ಕಣ್ರೀ. ನಿಮ್ಮ ಅಕ್ಕನೇ ಶಾಲೆಗೆ ಬಂದು, ಮೂರು ಬಂದರೆ ನಮ್ಮಲ್ಲಿ ಅರ್ಥ ಬೇರೆ, ಒಂದೇ ಮಾಡಿ ಅಂದರು. ಊರಿಗೆಲ್ಲ ಗೊತ್ತಿರುವ ವಿಷಯ, ನಿಮಗೆ ಗೊತ್ತಿರದೆ ಇರುತ್ತದೆಯೇ ಅಂದುಕೊಂಡೆ."

ನಾನು ಫೋನ್ ಇಟ್ಟೆ. ಅಕ್ಕನೇ ಹೇಳಿದ್ದಳು. ಅಕ್ಕನನ್ನು ಕಾಯಲೆಂದೇ ಇದ್ದ ಸೊನ್ನೆ ಅದು.

ಅಂದು ಸಂಜೆ ದವಾಖಾನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಸಿಟ್ಟು ನನಗೊಬ್ಬನಿಗೇ ಬಂದದ್ದಲ್ಲ. ಅವಳು ಪಟ್ಟಿ ಕಟ್ಟಿದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು.

"ಆ ಮೇಷ್ಟ್ರು ಹೊರಗಿನಾಂವ," ಎಂದಳು ನಿಧಾನವಾಗಿ. "ಅದಕ್ಕ ಮನಿಮನಿಗೆ ಹೋಗಿ ಕೇಳಿ ಮಾಡ್ದಾ. ನೀ ಊರಾಂವ. ಅದಕ್ಕ ಕೇಳ್ಲಿಲ್ಲ."

ಮನೆಯದು, ಹೊರಗಿನದು ಎಂದು ಉಗ್ರಾಣಗಳನ್ನು ವಿಂಗಡಿಸುವಾಗ ನನ್ನನ್ನು ಯಾವ ಕಡೆ ಇಡಬೇಕೆಂದು ನಾನು ಯೋಚಿಸಿರಲಿಲ್ಲ. ದಾಂಡೇಲಿಯಲ್ಲಿ ಕೂತು ತಿಂಗಳಿಗೊಮ್ಮೆ ಬಂದು ಬೈದು ಹೋಗುವವನು, ಹುಟ್ಟಿದ ಊರು ಎಂಬ ಧೈರ್ಯದ ಮೇಲೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ತುಂಬ ದಿನ ಆ ಮಾತು ನನ್ನನ್ನು ತಿಂದಿತು.

ಪೆಟ್ಟಿಗೆಯನ್ನು ಸರಿಮಾಡಿದೆ. ಸೊನ್ನೆ ಮತ್ತೆ ಸೊನ್ನೆಯಾಯಿತು. ಅದರ ಪಕ್ಕದಲ್ಲಿ ಈ ಸಲ ನಾಲ್ಕು ಸಾಲು ಬರೆದೆ: ಒಂದು ಬಂದರೆ ಏನು, ಮೂರು ಬಂದರೆ ಏನು, ಬದಲಿಸುವ ಮುನ್ನ ಯಾರನ್ನು ಕೇಳಬೇಕು. ಅದನ್ನೇ ಕಾಗದದಲ್ಲಿ ಬರೆದು ಗೊಬ್ಬರದ ಕೋಣೆಯ ಗೋಡೆಗೂ ಅಂಟಿಸಿದೆ. ಕರೆ ಮಾಡುವ ಪ್ರೋಗ್ರಾಮು ನನ್ನ ಅಪ್ಪಣೆಯಿಲ್ಲದೆ ತಾನಾಗಿ ಬದಲಾಗದಂತೆ ಕಟ್ಟಿಹಾಕಿದೆ. ಕೆಲವು ತಿಂಗಳಿಗೆ ಆ ದೂರದ ಮನುಷ್ಯ ಹೊಸ ಲಿನಕ್ಸಿಗೆ ತಕ್ಕದ್ದನ್ನು ತನ್ನ ಉಗ್ರಾಣದಲ್ಲಿ ಇಟ್ಟ. ಅದರ ಸೆಟ್ಟಿಂಗ್ ಫೈಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿದೆ. ಅಲ್ಲಿ ಸೊನ್ನೆಯೇ ಇತ್ತು, ಊರವರನ್ನು ಕೇಳಿ ಅದನ್ನೇ ಹಾಕಿದೆ. 'ಹೋದವು' ಎಂಬುದಕ್ಕೆ ಬೇರೆಯೇ ಒಂದು ಗುಂಡಿ ಮಾಡಿಕೊಡುತ್ತೇನೆ ಎಂದು ಊರವರಿಗೆ ಹೇಳಿ ನೋಡಿದೆ. "ಬ್ಯಾಡ್ರಿ ಅಣ್ಣಾರ," ಎಂದಳು ಗುಮಾಸ್ತೆ. "ಈಗ ಎಲ್ಲಾರಿಗೂ ಕೈಯಾಗ ಕುಂತೈತಿ." ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ. ಅದು ನನಗೆ ಎಷ್ಟು ಕಷ್ಟದ ಕೆಲಸ ಎಂದು ನನ್ನ ಹೆಂಡತಿಯನ್ನು ಕೇಳಬೇಕು.

ಮುಂದಿನ ವರ್ಷ ಜೋಳ ಮತ್ತೆ ಆಳೆತ್ತರ ಬಂದಿತ್ತು. ಅಕ್ಕನ ಮಗಳನ್ನು ಹಳಿಯಾಳಕ್ಕೆ ಕೊಟ್ಟಿದ್ದಾರೆ. ಅವಳಿಗೆ ಹೆರಿಗೆಯಾದ ಸುದ್ದಿ, ಹತ್ತಿರದವನು ಎಂದು, ಮೊದಲು ನನಗೆ ಬಂತು. ತಿಳಿಸಲು ಅಕ್ಕನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಒತ್ತಲು ಹೋದ ಹೆಬ್ಬೆರಳು ಅಲ್ಲೇ ನಿಂತಿತು. ಇದು ನನ್ನ ನಂಬರು, ಸಂಘದ್ದಲ್ಲ, ಹಾಡಹಗಲು ಬೇರೆ. ಎಲ್ಲ ಗೊತ್ತಿತ್ತು. ಆದರೂ ಆಗಲಿಲ್ಲ. ಭಾವನ ಫೋನು ಎಂದಿನಂತೆ ಬಂದ್ ಆಗಿತ್ತು. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಹೊಲ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಹಗಲು ಗಿಣಿ ಓಡಿಸುವುದಕ್ಕೆ ಹತ್ತಿದ್ದ ಅಕ್ಕ ಹಾಗೇ ಅಟ್ಟಣಿಗೆಯ ಮೇಲೆ ಕೂತಿದ್ದಳು.

"ಏನೋ ಇದು, ಹೇಳದ ಕೇಳದ ಬಂದಿ?"

"ಫೋನ್ ಮಾಡಿದ್ದೆ. ಎರಡು ಸಲ."

ಅವಳು ಸಂಚಿಯಿಂದ ಮೊಬೈಲ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದಳು. "ಹೌದ ನೋಡು, ಎರಡು ಬಂದಾವು. ಮೂರನೇದು ಬಂದ್ರ ಇಳೀಬೇಕು ಅಂತ ಕಾಯಾಕ್ಹತ್ತಿದ್ದೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

"ಹೆಣ್ಣು ಹುಟ್ಟೈತಿ. ನೀ ಅಜ್ಜಿ ಆದಿ," ಎಂದೆ.

"ಹೌದೇನೋ!" ಎಂದು ಎದ್ದು ನಿಂತಳು. "ತಾಯಿ ಆರಾಮದಾಳಿಲ್ಲೋ? ಹಿಡಿ ಏಣಿ, ಬರ್ತೇನಿ. ಈಗ ಹಳಿಯಾಳಕ್ಕ ಹೋಗೂಣು."

ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. "ಬಾ ಅಕ್ಕಾ, ಏನೂ ಇಲ್ಲ, ನಾ ಈಗ ಅದ ದಾರಿ ಮ್ಯಾಲ ಬಂದೇನಿ" ಎಂದೆ.

"ಹ್ಞೂಂ" ಎಂದಳು. ಏಣಿಯ ಮೇಲೆ ಒಂದು ಕಾಲಿಟ್ಟು, ಸೊಟ್ಟಗೆ ಕೂಡಿದ ಆ ಮುಂಗೈಯನ್ನು ಹಣೆಗೆ ಅಡ್ಡ ಹಿಡಿದು, ಕಾಡಿನ ಕಡೆ ತುಂಬ ಹೊತ್ತು ನೋಡಿದಳು. ಆಮೇಲೆ ಇಳಿದಳು.